ಮತದಾರರ ಪಟ್ಟಿ: ಮನೆಯ ಗುಟ್ಟೆಷ್ಟು, ಊರಿನ ಸ್ವತ್ತೆಷ್ಟು?

ಬೆಂಗಳೂರು: ಶಿವಾಜಿನಗರದ ಯಾವುದೇ ಮತಗಟ್ಟೆಯ ಮತದಾರರ ಪಟ್ಟಿಯನ್ನು ಕೈಗೆತ್ತಿಕೊಂಡರೂ ಅದು ಮನೆಯಿಂದ ಮನೆಗೆ ಸಾಗುತ್ತದೆ. ಮನೆಯ ಸಂಖ್ಯೆ, ಅಲ್ಲಿರುವವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆ. ಬಲ್ಲವರು ಓದಿದರೆ ಆ ಮನೆಯಲ್ಲಿ ಅತ್ತೆ ಯಾರು, ಸೊಸೆ ಯಾರು, ಒಂಟಿಯಾಗಿರುವ ವೃದ್ಧೆ ಯಾರು, ಬಾಡಿಗೆಗೆ ಬಂದವರು ಯಾವ ಸಮುದಾಯದವರು ಎಂಬುದನ್ನೆಲ್ಲ ಊಹಿಸಬಹುದು. ಸಂಸಾರದ ಇಷ್ಟೊಂದು ವಿವರವನ್ನು ಹೊತ್ತ ಸರ್ಕಾರಿ ದಾಖಲೆಯೊಂದು ಕೇಳಿದವರಿಗೆಲ್ಲ ಸಿಗುವುದು ಅಪರೂಪ.

ಈ ದಾಖಲೆ ಹೀಗೆ ತೆರೆದುಕೊಂಡಿರುವುದು ಯಾರದೋ ಅಜಾಗರೂಕತೆಯಿಂದಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಮತ್ತು 1960ರ ಮತದಾರರ ನೋಂದಣಿ ನಿಯಮಗಳ ಪ್ರಕಾರ ಕರಡು ಪಟ್ಟಿಯನ್ನು ಪ್ರಕಟಿಸಿ, ಸಾರ್ವಜನಿಕರ ಪರಿಶೀಲನೆಗೆ ಇಟ್ಟು, ಹಕ್ಕು ಮತ್ತು ಆಕ್ಷೇಪಣೆಗಳನ್ನು ಆಲಿಸಿದ ನಂತರವೇ ಅಂತಿಮಗೊಳಿಸಬೇಕು. ಬೀದಿಯಲ್ಲಿ ಯಾರು ತೀರಿಕೊಂಡರು, ಯಾರು ಮನೆ ಖಾಲಿ ಮಾಡಿದರು, ಯಾರಿಗೆ ಹದಿನೆಂಟು ತುಂಬಿತು ಎಂಬುದು ಅಧಿಕಾರಿಗಿಂತ ಮೊದಲು ನೆರೆಹೊರೆಯವರಿಗೆ ತಿಳಿದಿರುತ್ತದೆ. ಪಟ್ಟಿಯ ನಿಜವಾದ ತಪಾಸಣೆಗಾರರು ಅವರೇ. ಬಾಗಿಲು ಮುಚ್ಚಿ ತಯಾರಿಸಿದ ಪಟ್ಟಿಯಲ್ಲಿ ತಪ್ಪು ನುಸುಳಿದರೆ ಅದು ಬಯಲಾಗುವುದು ಮತದಾನದ ದಿನವೇ. ಅಷ್ಟು ಹೊತ್ತಿಗೆ ಸರಿಪಡಿಸುವ ಕಾಲ ಮೀರಿರುತ್ತದೆ.

ಮನೆಯ ಮರ್ಯಾದೆಗೂ ಸಾರ್ವಜನಿಕ ದಾಖಲೆಗೂ ನಡುವಿನ ಜಗ್ಗಾಟ ಹೊಸದೇನಲ್ಲ. 1951-52ರ ಪ್ರಥಮ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ, ಮುಖ್ಯವಾಗಿ ಉತ್ತರ ಭಾರತದಲ್ಲಿ, ಅನೇಕ ಮಹಿಳೆಯರು ಪರಪುರುಷರಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಮಾನ್ಯ ಮಾಡಲಿಲ್ಲ. ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ 28 ಲಕ್ಷದಷ್ಟು ಮಂದಿಯ ಹೆಸರು ಪಟ್ಟಿಯಿಂದ ಹೊರಗುಳಿಯಿತು. ಮನೆಯ ಗೌರವ ಕಾಯಲು ಹೋಗಿ ಮನೆಯ ಹೆಣ್ಣುಮಕ್ಕಳೇ ಮತದ ಹಕ್ಕು ಕಳೆದುಕೊಂಡರು. ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಂಡರೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳುವುದು ಸುಲಭ.

ಮನೆ ಬಾಗಿಲಿಗೆ ಬಂದ ‘ಅಧಿಕಾರಿ’

2022ರಲ್ಲಿ ‘ಚಿಲುಮೆ’ ಎಂಬ ಸಂಸ್ಥೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಮತದಾರರಲ್ಲಿ ಜಾಗೃತಿ ಮೂಡಿಸುವ ಕೆಲಸಕ್ಕೆ ಅನುಮತಿ ನೀಡಿತ್ತು. ಸಂಸ್ಥೆ ಇದಕ್ಕೆ ಪಾಲಿಕೆಯಿಂದ ಹಣ ಕೇಳಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಮಾಧ್ಯಮ ತನಿಖೆಯೊಂದು ಪ್ರಕಟವಾದಾಗ ಬೇರೆಯೇ ಚಿತ್ರ ಹೊರಬಂತು. ಸಂಸ್ಥೆಯ ಕಡೆಯವರು ಮತಗಟ್ಟೆ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ಧರಿಸಿ ಮನೆಮನೆಗೆ ಹೋಗಿ, ಜಾತಿ, ಮಾತೃಭಾಷೆ, ದೂರವಾಣಿ ಸಂಖ್ಯೆ, ಆಧಾರ್ ಮುಂತಾದ ವಿವರಗಳನ್ನು ಕೇಳಿ ತಮ್ಮದೇ ಮೊಬೈಲ್ ತಂತ್ರಾಂಶಕ್ಕೆ ತುಂಬಿಸಿಕೊಂಡರು ಎಂಬುದು ಆರೋಪ. ಹಲಸೂರು ಗೇಟ್ ಮತ್ತು ಕಾಡುಗೋಡಿ ಪೊಲೀಸ್ ಠಾಣೆಗಳಲ್ಲಿ ಪ್ರಕರಣಗಳು ದಾಖಲಾದವು, ಬಂಧನಗಳಾದವು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಶಿವಾಜಿನಗರ, ಚಿಕ್ಕಪೇಟೆ ಹಾಗೂ ಮಹದೇವಪುರ ಕ್ಷೇತ್ರಗಳಲ್ಲಿ 2022ರ ಜನವರಿ 1ರ ನಂತರ ಸೇರಿಸಿದ ಮತ್ತು ತೆಗೆದುಹಾಕಿದ ಪ್ರತಿಯೊಂದು ಹೆಸರನ್ನೂ ಮರುಪರಿಶೀಲಿಸುವಂತೆ ಆದೇಶಿಸಿ, ಆಕ್ಷೇಪಣೆ ಸಲ್ಲಿಸುವ ಗಡುವನ್ನು ಡಿಸೆಂಬರ್ 24ರವರೆಗೆ ವಿಸ್ತರಿಸಿತು. ಈ ಮೂರರಲ್ಲಿ ಎರಡು ಕ್ಷೇತ್ರಗಳು ನಗರದ ಪೂರ್ವ ದಿಕ್ಕಿನವು.

ಇಲ್ಲಿ ಒಂದು ಅಂಶವನ್ನು ಓದುಗರು ಗಮನಿಸಬೇಕು. ಜಾತಿ, ಮಾತೃಭಾಷೆ, ದೂರವಾಣಿ ಸಂಖ್ಯೆ ಇವಾವುವೂ ಪ್ರಕಟಿತ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಪ್ರತಿಯಲ್ಲಿ ಭಾವಚಿತ್ರವೂ ಇಲ್ಲ. ಆಧಾರ್ ಜೋಡಣೆ ಐಚ್ಛಿಕವೆಂದು ಆಯೋಗವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅಂದರೆ ಕುಟುಂಬಗಳ ಖಾಸಗಿತನಕ್ಕೆ ಪೆಟ್ಟು ಬಿದ್ದದ್ದು ಪಟ್ಟಿ ತೆರೆದಿದ್ದರಿಂದಲ್ಲ. ಪಟ್ಟಿಯ ನೆಪದಲ್ಲಿ ಯಾರ ಕಣ್ಣಿಗೂ ಕಾಣದ ಇನ್ನೊಂದು ಪಟ್ಟಿ ತಯಾರಾದದ್ದರಿಂದ. ಕೊರಳಲ್ಲಿ ಸರ್ಕಾರಿ ಚೀಟಿ ತೂಗುತ್ತಿದ್ದರೆ ಸಾಮಾನ್ಯ ಗೃಹಿಣಿ ಪ್ರಶ್ನೆ ಕೇಳುವುದಾದರೂ ಹೇಗೆ?

ಅದೇ ವೇಳೆಗೆ ಶಿವಾಜಿನಗರದಲ್ಲಿ ಎರಡನೆಯ ಸಂಕಟ ಎದುರಾಯಿತು. ಕ್ಷೇತ್ರದಲ್ಲಿ ಸಾವಿರಾರು ನಕಲಿ ಮತದಾರರಿದ್ದಾರೆ ಎಂಬ ದೂರಿನ ಮೇಲೆ ಪರಿಶೀಲನೆ ನಡೆದು, ಸ್ಥಳಾಂತರಗೊಂಡವರು ಅಥವಾ ಮೃತಪಟ್ಟವರು ಎಂದು 9 ಸಾವಿರಕ್ಕೂ ಹೆಚ್ಚು ಹೆಸರುಗಳು 2023ರ ಆರಂಭದಲ್ಲಿ ಅಳಿಸುವ ಅಂಚಿಗೆ ಬಂದವು. ಆ ಪಟ್ಟಿ ಹೊರಬಂದ ಮೇಲೆ ಕೆಲವರು ಅದನ್ನು ಹಿಡಿದು ಬೀದಿಗಿಳಿದರು. ಅದರಲ್ಲಿದ್ದ ಹಲವರು ಅದೇ ವಿಳಾಸದಲ್ಲಿ ವಾಸವಾಗಿದ್ದಾರೆ ಎಂದು ಆಗಿನ ವರದಿಗಳು ತಿಳಿಸಿದವು. ಅಲ್ಪಸಂಖ್ಯಾತರನ್ನು ಗುರಿ ಮಾಡಲಾಗಿದೆ ಎಂದು ಸ್ಥಳೀಯ ಶಾಸಕ ರಿಜ್ವಾನ್ ಅರ್ಷದ್ ಆರೋಪಿಸಿದರು. ದೂರಿನ ಹಿಂದಿನ ಉದ್ದೇಶ ಏನೇ ಇರಲಿ, ತಮ್ಮ ಹೆಸರಿಗೆ ಕತ್ತರಿ ಬೀಳುವುದರಲ್ಲಿದೆ ಎಂಬ ಸಂಗತಿ ಆ ಕುಟುಂಬಗಳಿಗೆ ತಿಳಿದದ್ದು ಹೆಸರು, ಮನೆ ಸಂಖ್ಯೆ ಸಮೇತ ಪಟ್ಟಿ ಸಿಕ್ಕಿದ್ದರಿಂದ. ಖಾಸಗಿತನದ ಕಾರಣ ಹೇಳಿ ಅದನ್ನು ಕಪಾಟಿನಲ್ಲಿಟ್ಟಿದ್ದರೆ ಅವರ ಖಾಸಗಿತನ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತೇ?

ಒಂದು ಕೋಣೆ, ಎಂಬತ್ತು ಹೆಸರು

ಕೃಷ್ಣರಾಜಪುರಕ್ಕೆ ಹೊಂದಿಕೊಂಡ ಮಹದೇವಪುರ ಕ್ಷೇತ್ರದ ಹೆಸರು 2025ರ ಆಗಸ್ಟ್ 7ರಂದು ದೇಶದಾದ್ಯಂತ ಕೇಳಿಬಂತು. ಲೋಕಸಭೆಯ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ ಅವರು 2024ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ 1,00,250 ಮತಗಳ ಅಕ್ರಮ ನಡೆದಿದೆ ಎಂದು ಆರೋಪಿಸಿದರು. ಎರಡು ಬಾರಿ ಬಂದ ಹೆಸರುಗಳು 11,965, ನಕಲಿ ಅಥವಾ ಅಸಿಂಧು ವಿಳಾಸ 40,009, ಒಂದೇ ವಿಳಾಸದಲ್ಲಿ ಗುಂಪಾಗಿ ಇರುವವರು 10,452, ಸರಿಯಿಲ್ಲದ ಭಾವಚಿತ್ರ 4,132, ಹೊಸ ಮತದಾರರ ನಮೂನೆ 6ರ ದುರ್ಬಳಕೆ 33,692 ಎಂಬುದು ಅವರು ಕೊಟ್ಟ ಲೆಕ್ಕ. ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಅವರ ಗೆಲುವಿನ ಅಂತರ 32,707 ಮತಗಳಾಗಿತ್ತು. ಆಯೋಗವು ಆರೋಪವನ್ನು ತಳ್ಳಿಹಾಕಿತು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳು ಪ್ರಮಾಣಪೂರ್ವಕ ಘೋಷಣೆಗೆ ಸಹಿ ಹಾಕಿ ವಿವರ ನೀಡುವಂತೆ ರಾಹುಲ್ ಅವರನ್ನು ಕೇಳಿದರು.

ಆರೋಪದ ಸತ್ಯಾಸತ್ಯತೆಯ ತೀರ್ಮಾನ ಈ ಲೇಖನದ ಕೆಲಸವಲ್ಲ. ಅದರ ನಂತರ ಆದದ್ದು ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. 80 ಮತದಾರರ ಹೆಸರಿದ್ದ ಒಂದೇ ಕೋಣೆಯ ಮನೆಯ ಮುಂದೆ ಕ್ಯಾಮೆರಾಗಳು ನಿಂತವು. ದುಡಿಮೆಗಾಗಿ ಬಂದು, ಬಾಡಿಗೆಗಿದ್ದು, ಮತ್ತೆಲ್ಲಿಗೋ ಹೋದವರ ಹೆಸರುಗಳಿಗೆ ಆಗ ಅಲ್ಲಿ ವಾಸವಿದ್ದವರು ಉತ್ತರ ಹೇಳಬೇಕಾಯಿತು. ಎರಡು ಬಾರಿ ಮತ ಹಾಕಿದರೆಂದು ಹೆಸರಿಸಲಾದ ಎಪ್ಪತ್ತು ವರ್ಷದ ಮಹಿಳೆಯೊಬ್ಬರ ವಿವರ ದೇಶದ ಪರದೆಗಳ ಮೇಲೆಲ್ಲ ಮೂಡಿತು. ತಾವು ಒಮ್ಮೆ ಮಾತ್ರ ಮತ ಹಾಕಿದ್ದಾಗಿ ಅವರು ವಿಚಾರಣೆಯಲ್ಲಿ ಹೇಳಿರುವುದಾಗಿ ಮುಖ್ಯ ಚುನಾವಣಾಧಿಕಾರಿಗಳ ಕಚೇರಿ ತಿಳಿಸಿತು. ಮಾಹಿತಿ ತಂತ್ರಜ್ಞಾನದ ಕಚೇರಿಗಳು, ಕಟ್ಟಡ ಕಾಮಗಾರಿಗಳು, ಪೇಯಿಂಗ್ ಗೆಸ್ಟ್ ಮನೆಗಳು ತುಂಬಿದ ಇಂಥ ಪ್ರದೇಶದಲ್ಲಿ ಪಟ್ಟಿ ಹಳತಾಗುವ ವೇಗವೇ ಬೇರೆ. ಹಳತಾದ ನಮೂದಿಗೂ ಕಳ್ಳ ನಮೂದಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಸ್ಥಳದಲ್ಲಿ ಹೋಗಿ ಅಳೆಯಬೇಕಾದವರು ಅಧಿಕಾರಿಗಳೇ ಹೊರತು ಬಾಡಿಗೆದಾರನ ಮುಖಕ್ಕೆ ಮೈಕು ಹಿಡಿಯುವವರಲ್ಲ.

ಈ ವಿವಾದದ ನಡುವೆ ಮುಖ್ಯ ಚುನಾವಣಾ ಆಯುಕ್ತ ಜ್ಞಾನೇಶ್ ಕುಮಾರ್ ಅವರು ಆಗಸ್ಟ್ 17ರಂದು ಮತಗಟ್ಟೆಯ ಸಿಸಿಟಿವಿ ದೃಶ್ಯಗಳ ಪ್ರಶ್ನೆಯನ್ನು ಎತ್ತಿಕೊಂಡರು. ತಾಯಂದಿರ, ಸೊಸೆಯಂದಿರ, ಹೆಣ್ಣುಮಕ್ಕಳ ದೃಶ್ಯಗಳನ್ನು ಆಯೋಗ ಎಲ್ಲರಿಗೂ ಹಂಚಬೇಕೆ ಎಂದು ಅವರು ಕೇಳಿದರು. ಕಂಪ್ಯೂಟರಿನಲ್ಲಿ ಹುಡುಕಬಹುದಾದ ಪಟ್ಟಿಯನ್ನು ಕೊಡದಿರುವುದಕ್ಕೂ ಖಾಸಗಿತನದ ಕಾರಣವನ್ನೇ ನೀಡಿದರು.

ಮೂರು ದಾಖಲೆ, ಮೂರು ಬೀಗ

ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ದಾಖಲೆಗಳು ಬೆರೆತುಹೋಗಿವೆ. ಮತ ಹಾಕಲು ಯಾರು ಅರ್ಹರು ಎಂಬುದು ಮೊದಲನೆಯದು. ಅದೇ ಮತದಾರರ ಪಟ್ಟಿ, ಅದು ತೆರೆದೇ ಇರಬೇಕಾದದ್ದು. ಯಾರು ಬಂದು ಮತ ಹಾಕಿದರು ಎಂಬುದು ಎರಡನೆಯದು. ಯಾರಿಗೆ ಹಾಕಿದರು ಎಂಬ ಮೂರನೆಯದು ಗಂಡನಿಗೂ ಹೆಂಡತಿಗೂ ನಡುವೆ ಸಹ ಗುಟ್ಟು.

ಸಿಸಿಟಿವಿ ಎರಡನೆಯ ಗುಂಪಿಗೆ ಸೇರುತ್ತದೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಬಹಿರಂಗವಾದರೆ ಮತದಾರರಿಗೆ ಬೆದರಿಕೆ ಬರಬಹುದೆಂಬ ಆಯೋಗದ ಆತಂಕವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಗಲ್ಲಿಯ ಪುಢಾರಿಯ ಕೈಗೆ ಆ ದೃಶ್ಯ ಸಿಕ್ಕರೆ ಏನಾದೀತೆಂದು ಹಲಸೂರಿನವರಿಗೂ ಗೊತ್ತು, ಹಳ್ಳಿಯವರಿಗೂ ಗೊತ್ತು. ಆದರೆ ಆಯೋಗ ಮಾಡಿದ್ದು ಇಷ್ಟೇ ಅಲ್ಲ. 2024ರ ಡಿಸೆಂಬರ್ 20ರಂದು ಕೇಂದ್ರ ಸರ್ಕಾರವು ಆಯೋಗದ ಶಿಫಾರಸಿನ ಮೇರೆಗೆ ಚುನಾವಣಾ ನಡವಳಿಕೆ ನಿಯಮಗಳ 93ನೇ ನಿಯಮವನ್ನು ತಿದ್ದುಪಡಿ ಮಾಡಿ, ಸಾರ್ವಜನಿಕ ಪರಿಶೀಲನೆಯನ್ನು ನಿಯಮಗಳಲ್ಲಿ ಹೆಸರಿಸಿದ ಕಾಗದಪತ್ರಗಳಿಗೆ ಸೀಮಿತಗೊಳಿಸಿತು. 2025ರ ಮೇ 30ರಂದು, ಚುನಾವಣಾ ತಕರಾರು ಅರ್ಜಿ ಇಲ್ಲದಿದ್ದಲ್ಲಿ 45 ದಿನಗಳ ನಂತರ ದೃಶ್ಯಗಳನ್ನು ನಾಶಪಡಿಸಬಹುದೆಂದು ಆಯೋಗ ತಿಳಿಸಿತು. ತಾಯಂದಿರ ದೃಶ್ಯ ಬೀದಿಗೆ ಬರಬಾರದು ಎಂಬ ವಾದದಿಂದ, ಆ ದೃಶ್ಯ ಯಾವ ನ್ಯಾಯಾಧೀಶರಿಗೂ ಸಿಗದಂತೆ ಅಳಿಸಿಹೋಗಲಿ ಎಂಬ ತೀರ್ಮಾನಕ್ಕೆ ಜಿಗಿಯಲಾಗದು. ಮಹದೇವಪುರದಂತಹ ಕಡೆ ದೋಷ ಪತ್ತೆಗೆ ತಿಂಗಳುಗಳೇ ಹಿಡಿಯುವಾಗ 45 ದಿನ ಏನೇನೂ ಸಾಲದು.

ಪಟ್ಟಿಯ ವಿಷಯದಲ್ಲಿ ಖಾಸಗಿತನದ ವಾದ ಇನ್ನೂ ದುರ್ಬಲ. 2018ರ ಆರಂಭದಲ್ಲಿ ಆಯೋಗವು ಪಟ್ಟಿಗಳನ್ನು ಚಿತ್ರರೂಪದ ಪಿಡಿಎಫ್‌ಗೆ ಬದಲಿಸಿತು. ಕಾಂಗ್ರೆಸ್ ನಾಯಕ ಕಮಲ್ ನಾಥ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದೇ ವರ್ಷದ ಅಕ್ಟೋಬರ್ 12ರಂದು ಆಯೋಗದ ನಿಲುವನ್ನು ಎತ್ತಿಹಿಡಿಯಿತು. ಬೇಕಿದ್ದರೆ ಅರ್ಜಿದಾರರು ತಮ್ಮ ಸ್ವಂತ ಶ್ರಮದಿಂದ ಅದನ್ನು ಹುಡುಕಬಹುದಾದ ರೂಪಕ್ಕೆ ಪರಿವರ್ತಿಸಿಕೊಳ್ಳಬಹುದು ಎಂದೂ ನ್ಯಾಯಾಲಯ ಹೇಳಿತು. ಪರಿಣಾಮ ಏನಾಯಿತು? ಹಣ, ಜನಬಲ ಉಳ್ಳ ಪಕ್ಷಕ್ಕೆ, ಕಂಪನಿಗೆ ಈ ತಡೆ ತಡೆಯೇ ಅಲ್ಲ. ಇಂದಿರಾನಗರದ ನಿವಾಸಿಗಳ ಸಂಘಕ್ಕೆ, ಟ್ಯಾನರಿ ರಸ್ತೆಯ ಮಸೀದಿ ಸಮಿತಿಗೆ ಅದು ಗೋಡೆ. ಇದೇ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು, ಬಿಹಾರದ ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣ ಸಹಿತ, ಗುರುತಿನ ಚೀಟಿಯ ಸಂಖ್ಯೆಯಿಂದ ಹುಡುಕಲು ಬರುವಂತೆ ಪ್ರಕಟಿಸಲು ಆದೇಶಿಸಿತು. ಸಾಮಾನ್ಯರಿಗೆ ಉಪಯೋಗವಾಗುವ ರೂಪ ಇದು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣದ ಅರ್ಜಿದಾರರು ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ.ಎಸ್. ಪುಟ್ಟಸ್ವಾಮಿ. ಅವರು ಪ್ರಶ್ನಿಸಿದ್ದು ಪ್ರಜೆಯ ವಿವರಗಳನ್ನು ಸರ್ಕಾರ ಬಾಚಿಕೊಳ್ಳುವುದನ್ನು. ಅದೇ ಹಕ್ಕು ಈಗ ಸರ್ಕಾರದ ಕಡತವನ್ನು ಪ್ರಜೆಯಿಂದ ಮುಚ್ಚಿಡಲು ಬಳಕೆಯಾಗುತ್ತಿರುವುದು ವಿಪರ್ಯಾಸ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಬಂಧದಲ್ಲಿ ವೈಯಕ್ತಿಕ ಮಾಹಿತಿಗೆ ಇದ್ದ ಷರತ್ತುಗಳೂ ಹೋಗಿವೆ. ಸಾರ್ವಜನಿಕ ಹಿತಾಸಕ್ತಿ ಮಿಗಿಲಾದಾಗ ಮಾಹಿತಿ ನೀಡಬಹುದೆಂಬ 8(2) ಮಾತ್ರ ಉಳಿದಿದೆ.

ಕುಟುಂಬಗಳು ಸದ್ಯಕ್ಕೆ ಮಾಡಬಹುದಾದದ್ದು ಏನು? ಮನೆಗೆ ಬಂದವರು ಮತಗಟ್ಟೆ ಅಧಿಕಾರಿಯೇ ಹೌದೇ ಎಂಬುದನ್ನು 1950 ಸಹಾಯವಾಣಿಯಲ್ಲಿ ವಿಚಾರಿಸಬಹುದು. ಜಾತಿ ಕೇಳಿದರೆ ಉತ್ತರಿಸಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನಮೂನೆ 10 ಎಂಬ ಪಟ್ಟಿಯನ್ನು ಓದಬೇಕು. ಹೆಸರು ತೆಗೆಯುವಂತೆ ಕೋರಿ ನಮೂನೆ 7ರಲ್ಲಿ ಬಂದ ಅರ್ಜಿಗಳ ಪಟ್ಟಿ ಅದು. ನೋಂದಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲೂ ಮುಖ್ಯ ಚುನಾವಣಾಧಿಕಾರಿಗಳ ಅಂತರ್ಜಾಲ ತಾಣದಲ್ಲೂ ಅದನ್ನು ಪ್ರಕಟಿಸಲಾಗುತ್ತದೆ. ಯಾರ ಹೆಸರಿಗೆ ಆಕ್ಷೇಪ, ಕಾರಣವೇನು, ಆಕ್ಷೇಪಿಸಿದವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಆಕ್ಷೇಪಿಸುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೀಗೆ ಬಂದ 6,018 ಅರ್ಜಿಗಳನ್ನು ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಅರ್ಜಿದಾರರೆಂದು ನಮೂದಾಗಿದ್ದ ಊರಿನವರಲ್ಲಿ ಕೆಲವರಿಗೆ ತಮ್ಮ ಹೆಸರಿನಲ್ಲಿ ಇಂಥ ಅರ್ಜಿ ಹೋಗಿರುವುದೇ ತಿಳಿದಿರಲಿಲ್ಲ.