ಪ್ರಾಧ್ಯಾಪಕ ಓಯ್ಕೆನರ ಸಲಹೆ

1948ನೆಯ ಇಸವಿ ಜೂನ್ 20ನೆಯ ತಾರೀಖು, ಆದಿತ್ಯವಾರ. ಪಶ್ಚಿಮ ಜರ್ಮನಿಯ ಪ್ರಜೆಗಳು ಪಡಿತರ ಕಚೇರಿಗಳ ಮುಂದೆ ಸಾಲಾಗಿ ನಿಂತು ತಲೆಗೆ ನಾಲ್ವತ್ತು ಹೊಸ ಮಾರ್ಕುಗಳನ್ನು ಎಣಿಸಿಕೊಂಡರು. ಮರುದಿನ ಬೆಳಗಾಗುವಷ್ಟರಲ್ಲಿ, ವರ್ಷಗಟ್ಟಲೆ ಬರಿದಾಗಿದ್ದ ಅಂಗಡಿಗಳಲ್ಲಿ ಬಟ್ಟೆ, ಪಾತ್ರೆ, ಪಾದರಕ್ಷೆಗಳು ಕಾಣಿಸಿಕೊಂಡವು. ಅವು ರಾತ್ರೋರಾತ್ರಿ ತಯಾರಾದವಲ್ಲ. ಬೆಲೆಯಿಲ್ಲದ ಹಳೆಯ ಹಣಕ್ಕೆ ಮಾರಲೊಲ್ಲದೆ ವರ್ತಕರು ಅಡಗಿಸಿಟ್ಟಿದ್ದ ಸರಕು. ಹಣವನ್ನು ಬದಲಿಸಿದವರು ಯುದ್ಧದಲ್ಲಿ ಗೆದ್ದ ರಾಷ್ಟ್ರಗಳವರು. ಅದರೊಡನೆಯೇ ಅನೇಕ ಪದಾರ್ಥಗಳ ಮೇಲಿನ ಬೆಲೆಯ ಕಂಟ್ರೋಲನ್ನು ತೆಗೆದುಹಾಕಿದವರು ಆರ್ಥಿಕಾಡಳಿತದ ನಿರ್ದೇಶಕರಾಗಿದ್ದ ಲುಡ್ವಿಗ್ ಎರ್ಹಾರ್ಡರು. ಕೀರ್ತಿಯು ಅವರಿಗೆ ಸಂದಿತು, ಸಂದುದು ನ್ಯಾಯವೇ. ಆದರೆ ಆ ಸಾಹಸಕ್ಕೆ ಬೇಕಾದ ವಿಚಾರಬಲವನ್ನು ಒದಗಿಸಿದವರಲ್ಲಿ ಮುಖ್ಯರಾದ ವಾಲ್ಟರ್ ಓಯ್ಕೆನರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಮೆ.

ಓಯ್ಕೆನರು ಜನಿಸಿದುದು 1891ರಲ್ಲಿ, ಯೇನಾ ನಗರದಲ್ಲಿ. ತಂದೆ ರುಡಾಲ್ಫ್ ಓಯ್ಕೆನರು ತತ್ತ್ವಶಾಸ್ತ್ರಜ್ಞರು; 1908ರ ಸಾಹಿತ್ಯದ ನೊಬೆಲ್ ಬಹುಮಾನವನ್ನು ಪಡೆದವರು. ಮಗನು ತತ್ತ್ವದ ಮನೆಯಿಂದ ಸಂತೆಯ ವಿಚಾರಕ್ಕೆ ಇಳಿದನು. ಹಡಗಿನ ಕಂಪನಿಗಳ ಕೂಟಗಳನ್ನು ಕುರಿತು ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದು, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಅನಂತರ ಬರ್ಲಿನಿನಲ್ಲಿ ಕೆಲವು ವರ್ಷ ಕಳೆದರು. 1923ರಲ್ಲಿ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಮಿಕ್ಕಿ ಮಾರ್ಕುಗಳಾದುದನ್ನು ಅವರು ಕಣ್ಣಾರೆ ಕಂಡರು. ಗೆದ್ದವರಿಗೆ ಕೊಡಬೇಕಾದ ದಂಡದ ಹಣವೇ ಈ ಅನರ್ಥಕ್ಕೆ ಕಾರಣವೆಂದು ದೇಶಾಭಿಮಾನಿಗಳೆಲ್ಲರೂ ಹೇಳುತ್ತಿದ್ದ ಕಾಲವದು. ನಮ್ಮದೇ ಬ್ಯಾಂಕು ಮಿತಿಯಿಲ್ಲದೆ ನೋಟುಗಳನ್ನು ಅಚ್ಚುಹಾಕಿದುದು ಕಾರಣವೆಂದು ಓಯ್ಕೆನರು ಅದೇ ವರ್ಷ ಗ್ರಂಥಮುಖವಾಗಿ ವಾದಿಸಿದರು. ಪರರನ್ನು ದೂರುವುದು ಸುಲಭವಾಗಿದ್ದಾಗ ಸ್ವಂತ ಮನೆಯ ತಪ್ಪನ್ನು ತೋರಿಸಿದ ಈ ಸ್ವಭಾವವು ಮುಂದೆಯೂ ಅವರನ್ನು ಬಿಡಲಿಲ್ಲ.

1925ರಲ್ಲಿ ಟ್ಯೂಬಿಂಗನ್ನಿನಲ್ಲಿಯೂ 1927ರಿಂದ ಕೊನೆಯವರೆಗೆ ಫ್ರೈಬುರ್ಗಿನಲ್ಲಿಯೂ ಅವರು ಪ್ರಾಧ್ಯಾಪಕರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಜಗದ್ವಿಖ್ಯಾತ ತತ್ತ್ವಜ್ಞ ಮಾರ್ಟಿನ್ ಹೈಡೆಗ್ಗರರು ಆ ವಿಶ್ವವಿದ್ಯಾನಿಲಯದ ಮುಖ್ಯಾಧಿಕಾರಿಗಳಾಗಿ, ಅದನ್ನು ಹೊಸ ಪ್ರಭುಗಳ ಇಚ್ಛೆಗೆ ಒಗ್ಗಿಸಹೊರಟರು. ಎದುರು ನಿಂತವರಲ್ಲಿ ಓಯ್ಕೆನರು ಅಗ್ರಗಣ್ಯರು. ಅವರ ಪತ್ನಿ ಎಡಿತ್ ಅವರ ತಾಯಿಯ ಕಡೆಯವರು ಯಹೂದಿ ಮೂಲದವರೆಂಬುದನ್ನು ನೆನೆದರೆ, ಈ ವಿರೋಧಕ್ಕೆ ಎಷ್ಟು ಎದೆಗಾರಿಕೆ ಬೇಕಾಗಿದ್ದಿತೆಂಬುದು ವಾಚಕರಿಗೆ ಹೊಳೆಯದೆ ಇರದು. 1938ರ ನವೆಂಬರಿನಲ್ಲಿ ಯಹೂದಿಗಳ ಮಂದಿರಗಳು ಸುಡಲ್ಪಟ್ಟ ಮೇಲೆ ಫ್ರೈಬುರ್ಗಿನ ಕೆಲವು ವಿದ್ವಾಂಸರು ಗುಟ್ಟಾಗಿ ಕೂಡತೊಡಗಿದರು. 1944ರಲ್ಲಿ ಹಿಟ್ಲರನ ಕೊಲೆಯ ಯತ್ನವು ವಿಫಲವಾದ ತರುವಾಯ ಇವರ ಪೈಕಿ ಫಾನ್ ಡೀಟ್ಸೆ, ಲಾಂಪೆ, ರಿಟ್ಟರ್ ಈ ಮೂವರು ಸೆರೆಗೆ ಬಿದ್ದರು. ಓಯ್ಕೆನರನ್ನು ಗುಪ್ತ ಪೋಲೀಸರು ವಿಚಾರಣೆಗೆ ಗುರಿಪಡಿಸಿ ಬಿಟ್ಟರು.

ಇಂತಹ ಕತ್ತಲೆಯಲ್ಲಿ ಅವರ ಸಿದ್ಧಾಂತವು ಬೆಳೆಯಿತು. ಅದರ ತಿರುಳು ಒಂದೇ: ಒಂದೇ ಕೈಯಲ್ಲಿ ಕೂಡಿದ ಆರ್ಥಿಕ ಅಧಿಕಾರವು, ಆ ಕೈ ಯಾರದೇ ಆಗಿರಲಿ, ಪ್ರಜೆಯ ಸ್ವಾತಂತ್ರ್ಯಕ್ಕೆ ಅಪಾಯ. ಸರಕಾರದ ಕೈಯನ್ನು ಕಂಡು ಹೆದರುವ ಶ್ರೀಮಂತರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಿಗೆ ಓಯ್ಕೆನರ ಅರ್ಧ ಮಾತು ಮಾತ್ರ ರುಚಿಸುತ್ತದೆ. ಉಳಿದರ್ಧವು ಅವರನ್ನೇ ಕುರಿತದ್ದು. ಕಾರ್ಖಾನೆಯವರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಬೆಲೆಯನ್ನು ಗೊತ್ತುಪಡಿಸಿದರೆ ಅದು ಊರ್ಜಿತವಾದ ಕರಾರೆಂದು ಜರ್ಮನಿಯ ವರಿಷ್ಠ ನ್ಯಾಯಸ್ಥಾನವು 1897ರಲ್ಲಿಯೇ ತೀರ್ಪುಕೊಟ್ಟಿದ್ದಿತು. ಕರಾರಿನ ಸ್ವಾತಂತ್ರ್ಯವೆಂಬ ಹೆಸರಿನಿಂದಲೇ ಕೊಳ್ಳುವವನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಈ ವಿಚಿತ್ರವನ್ನು ಓಯ್ಕೆನರೂ ಅವರ ಮಿತ್ರರಾದ ನ್ಯಾಯಶಾಸ್ತ್ರಜ್ಞ ಫ್ರಾಂಟ್ಸ್ ಬೋಮರೂ ಬಯಲಿಗೆಳೆದರು. ಆಟದ ನಿಯಮಗಳನ್ನು ಸರಕಾರವು ಬಿಗಿಯಾಗಿ ಕಟ್ಟಬೇಕು, ಆದರೆ ತಾನೇ ಆಟಕ್ಕೆ ಇಳಿಯಕೂಡದು ಎಂಬುದು ಅವರ ಮತ.

ಯುದ್ಧವು ಮುಗಿದಾಗ ಜರ್ಮನಿಯಲ್ಲಿ ಹಣವು ಹೇರಳ, ವಸ್ತುಗಳು ವಿರಳ. 1936ರಲ್ಲಿ ನಾಜಿಗಳು ಕಟ್ಟಿದ ಬೆಲೆಗಳ ಕಟ್ಟನ್ನು ಗೆದ್ದವರೂ ಬಿಚ್ಚಿರಲಿಲ್ಲ. ಸಿಗರೇಟೇ ನಾಣ್ಯವಾಗಿದ್ದಿತು, ಪಟ್ಟಣದವರು ಮನೆಯ ಸಾಮಾನನ್ನು ಹೊತ್ತು ಹಳ್ಳಿಗೆ ಹೋಗಿ ಆಲೂಗೆಡ್ಡೆ ತರುತ್ತಿದ್ದರು. ಕಂಟ್ರೋಲು, ಪರ್ಮಿಟ್ಟು, ಕಾಳಸಂತೆ ಎಂಬ ಮಾತುಗಳ ಅರ್ಥವನ್ನು ನಮ್ಮ ಹಿರಿಯರಿಗೂ ಯಾರೂ ವಿವರಿಸಬೇಕಾಗಿರಲಿಲ್ಲವಷ್ಟೆ! 1948ರ ಜನವರಿಯಲ್ಲಿ ಆರ್ಥಿಕಾಡಳಿತಕ್ಕೆ ಆಲೋಚನೆ ಹೇಳಲು ಒಂದು ವಿದ್ವನ್ಮಂಡಲಿಯು ಏರ್ಪಟ್ಟಿತು. ಓಯ್ಕೆನರು ಅದರ ಸದಸ್ಯರಾದರು. ಏಪ್ರಿಲಿನಲ್ಲಿ ಮಂಡಲಿಯ ಬಹುಮತವು, ಹಣವನ್ನು ಬದಲಿಸುವಾಗಲೇ ಬೆಲೆಗಳನ್ನೂ ಬಿಡಬೇಕೆಂದು ಸಲಹೆಯಿತ್ತಿತು. ಅದನ್ನು ಶಾಸನರೂಪಕ್ಕೆ ತರುವಲ್ಲಿ ಮುಖ್ಯ ಕೈಯಾಗಿದ್ದ ಲೆಯೊನ್‌ಹಾರ್ಡ್ ಮಿಕ್ಷ್ ಅವರು ಓಯ್ಕೆನರ ಶಿಷ್ಯರು. ಮುಖ್ಯ ಆಹಾರ, ಕಲ್ಲಿದ್ದಲು, ಕಬ್ಬಿಣ, ಮನೆಬಾಡಿಗೆ ಇವುಗಳ ಕಂಟ್ರೋಲು ಉಳಿಯಿತು, ಮಿಕ್ಕವು ಬಿಡುಗಡೆಯಾದವು.

ಇದರಿಂದ ಎಲ್ಲರಿಗೂ ಸುಖವಾಯಿತೆಂದು ನಾವು ಹೇಳಲಾರೆವು. ಬ್ಯಾಂಕಿನಲ್ಲಿ ನೂರು ಹಳೆಯ ಮಾರ್ಕುಗಳನ್ನು ಕೂಡಿಟ್ಟವನಿಗೆ ಕಡೆಗೆ ದಕ್ಕಿದುದು ಆರೂವರೆ ಹೊಸ ಮಾರ್ಕು. ಸರಕನ್ನು ಅಡಗಿಸಿಟ್ಟವನಿಗಾದರೋ ಕೂದಲೂ ಕೊಂಕಲಿಲ್ಲ. ಬೆಲೆಗಳು ಏರಿದವು, ಕೂಲಿ ಹಿಂದುಳಿಯಿತು. ನವೆಂಬರ್ 12ರಂದು ಲಕ್ಷಗಟ್ಟಲೆ ಕಾರ್ಮಿಕರು ಮುಷ್ಕರ ಹೂಡಿದರು. 1950ರ ಆರಂಭಕ್ಕೆ ನಿರುದ್ಯೋಗಿಗಳ ಸಂಖ್ಯೆಯು ಇಪ್ಪತ್ತು ಲಕ್ಷವನ್ನು ಮುಟ್ಟಿತು. ಮುಂದಿನ ಏಳಿಗೆಯಲ್ಲಿ ಅಮೆರಿಕದ ಮಾರ್ಷಲ್ ನೆರವಿನ ಪಾಲೆಷ್ಟು, ಈ ಸಲಹೆಯ ಪಾಲೆಷ್ಟು ಎಂಬುದನ್ನು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಆದರೂ ಓಯ್ಕೆನರು ಹೇಳಿದ ಔಷಧಿಯಲ್ಲಿ ಅರ್ಧವನ್ನೇ ರೋಗಿಗೆ ಕೊಡಲಾಗಿದ್ದಿತೆಂಬುದನ್ನು ಮರೆಯಬಾರದು. ಬೆಲೆಗಳು ಬಿಡುಗಡೆಯಾದವು, ವ್ಯಾಪಾರಕೂಟಗಳನ್ನು ಮುರಿಯುವ ಕಾನೂನು ಬರಲಿಲ್ಲ.

ಅದನ್ನು ಕಾಣಲು ಅವರು ಉಳಿಯಲಿಲ್ಲ. ಹಾಯೆಕ್ ಪಂಡಿತರ ಆಹ್ವಾನದಂತೆ ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ಉಪನ್ಯಾಸಮಾಲೆಯನ್ನು ನಡೆಸುತ್ತಿದ್ದಾಗ, 1950ರ ಮಾರ್ಚ್ 20ರಂದು ಹಠಾತ್ತಾಗಿ ತೀರಿಕೊಂಡರು, ವಯಸ್ಸು 59. ಅವರು ಬಿಟ್ಟುಹೋದ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು ಎಡಿತ್ ಅವರೂ ಶಿಷ್ಯ ಹೆನ್ಸೆಲರೂ ಸಂಪಾದಿಸಿ 1952ರಲ್ಲಿ ಪ್ರಕಟಿಸಿದರು. ಕೂಟಗಳ ವಿರುದ್ಧದ ಕಾನೂನಿಗಾಗಿ ಬೋಮರು ಪಾರ್ಲಿಮೆಂಟಿನ ಸದಸ್ಯರಾಗಿ ಹೋರಾಡಿದರು. ಕೈಗಾರಿಕೆಯ ಧಣಿಗಳು ವರ್ಷಗಟ್ಟಲೆ ಅಡ್ಡಬಂದರು. 1957ರಲ್ಲಿ ಅದು ಅಂಗೀಕೃತವಾದಾಗ ಅದಕ್ಕೆ ವಿನಾಯಿತಿಗಳ ತೇಪೆಗಳು ಅನೇಕ ಬಿದ್ದಿದ್ದವು. ದೊಡ್ಡ ಕಂಪನಿಯು ಇನ್ನೊಂದನ್ನು ನುಂಗುವುದನ್ನು ತಡೆಯುವ ಅಧಿಕಾರವು ಅದಕ್ಕೆ ಸೇರಿದುದು 1973ರಲ್ಲಿ.