ಸಂಘ ಕಟ್ಟಿದವರ ಮಾತನ್ನು ರೆಕಾರ್ಡ್ ಮಾಡಿಡಿ



ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಅಭಿವೃದ್ಧಿ ಯೋಜನೆ ಆರಂಭವಾದದ್ದು 1974-75ರಲ್ಲಿ. ಆಣಂದ್ ಮಾದರಿಯ ಹಾಲು ಉತ್ಪಾದಕರ ಸಂಘಗಳು ಹಳ್ಳಿಗಳಿಗೆ ಬಂದದ್ದು ಅದರೊಂದಿಗೇ. ಅಂದು ಮನೆಮನೆ ಸುತ್ತಿ ಷೇರು ಹಣ ಕೂಡಿಸಿದವರಿಗೆ ಆಗ ಮೂವತ್ತು ವರ್ಷವಾಗಿದ್ದರೆ ಈಗ ಎಂಬತ್ತು. ನಡಾವಳಿ ಪುಸ್ತಕದಲ್ಲಿ ಅವರ ಸಹಿ ಉಂಟು. ಆದರೆ ಹಾಲು ಅಳೆಯಲು ತಮ್ಮ ಜಗುಲಿ ಬಿಟ್ಟುಕೊಟ್ಟವರು ಯಾರು, ವ್ಯಾಪಾರಿಯಿಂದ ಮುಂಗಡ ಪಡೆದಿದ್ದವರು ಸಂಘಕ್ಕೆ ಹಾಲು ಹಾಕಲು ಎಷ್ಟು ಪಾಡುಪಟ್ಟರು ಎಂಬುದು ಅದರಲ್ಲಿ ಸಿಗದು.

ಡಾ. ವರ್ಗೀಸ್ ಕುರಿಯನ್ ಅವರ ಆತ್ಮಕಥೆ 2005ರಲ್ಲಿ ಹೊರಬಂತು. ಅದು ಅವರು ಗೌರಿ ಸಾಳ್ವಿ ಅವರಿಗೆ ಹೇಳಿ ಬರೆಸಿದ್ದು. 2012ರಲ್ಲಿ ಕುರಿಯನ್ ತೀರಿಕೊಂಡರು. ಆಣಂದದ ಕಥೆ ಅವರ ಮಾತಿನಲ್ಲೇ ಉಳಿಯಿತು. ನಮ್ಮ ಊರಿನ ಕಥೆಗೆ ಅಷ್ಟು ಖರ್ಚೂ ಬೇಡ, ಮನೆಯಲ್ಲಿರುವ ಮೊಬೈಲ್ ಸಾಕು.

ಬೆಳಗಿನ ಹಾಲು ಹಾಕಿ ಬಂದ ಮೇಲೆ, ಹಿರಿಯರಿಗೆ ಬಿಡುವಾದಾಗ ಕುಳಿತುಕೊಳ್ಳಿ. ಫ್ಯಾನು, ಟಿ.ವಿ. ನಿಲ್ಲಿಸಿ. ನಡುವೆ ಕರೆ ಬಾರದಂತೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಅವರಿಂದ ಒಂದು ಮೊಳ ದೂರದಲ್ಲಿಡಿ. ಮೊದಲು ದಿನಾಂಕ, ಊರು, ಅವರ ಹೆಸರು ಹೇಳಿ.

ಪ್ರಶ್ನೆ ಕೇಳುವುದರಲ್ಲೇ ಎಲ್ಲ ಇದೆ. "ಸಂಘ ಹೇಗೆ ಸ್ಥಾಪಿಸಿದಿರಿ?" ಎಂದರೆ ವಾರ್ಷಿಕ ಸಭೆಯ ಭಾಷಣ ಬರುತ್ತದೆ. "ಮೊದಲ ದಿನ ಎಷ್ಟು ಜನ ಹಾಲು ತಂದರು? ಕ್ಯಾನನ್ನು ರಸ್ತೆವರೆಗೆ ಹೊತ್ತವರು ಯಾರು? ಡಿಗ್ರಿ ಬರಲಿಲ್ಲವೆಂದು ಮೊದಲ ಜಗಳ ಆದದ್ದು ಯಾರ ಜೊತೆ? ಮೊದಲ ಬಟವಾಡೆ ದುಡ್ಡಲ್ಲಿ ಏನು ಕೊಂಡಿರಿ?" ಎಂದು ಕೇಳಿ ನೋಡಿ. ಇಸವಿ ನೆನಪಿಲ್ಲದಿದ್ದರೆ ಒತ್ತಾಯ ಬೇಡ. ಊರಿಗೆ ಕರೆಂಟು ಬರುವ ಮುಂಚೆಯೋ ಆಮೇಲೋ ಎಂದು ಕೇಳಿದರೆ ಅಂದಾಜು ಸಿಗುತ್ತದೆ. ತಪ್ಪು ಹೇಳಿದರೆಂದು ನಡುವೆ ತಿದ್ದಬೇಡಿ. ಸುಮ್ಮನಾದರೆ ನೀವೂ ಸುಮ್ಮನಿರಿ, ಎಷ್ಟೋ ಸಲ ಒಳ್ಳೆಯ ಮಾತು ಅದರ ನಂತರವೇ ಬರುತ್ತದೆ.

ಅಧ್ಯಕ್ಷರಾಗಿದ್ದವರನ್ನಷ್ಟೇ ಮಾತಾಡಿಸಿದರೆ ಅರ್ಧ ಕಥೆ. ಪಾಸ್ ಪುಸ್ತಕದಲ್ಲಿ ಗಂಡನ ಹೆಸರಿದ್ದರೂ ಹುಲ್ಲು ತಂದು, ಹಾಲು ಕರೆದು, ಸಗಣಿ ಬಾಚಿದ ಅಜ್ಜಿಯರು ಇನ್ನೂ ಇದ್ದಾರೆ. "ನನಗೇನು ಗೊತ್ತಪ್ಪ" ಎನ್ನುತ್ತಾರೆ, ಬಿಡಬೇಡಿ. ಅವರ ಮೊದಲ ಹಸುವಿನ ವಿಷಯ ಎತ್ತಿದರೆ ಸಾಕು.

ಬದುಕಿರುವವರ ಮೇಲಿನ ದೂರು, ಹಳೆಯ ವ್ಯಾಜ್ಯದ ಮಾತು ಬಂದರೆ ಇಟ್ಟುಕೊಳ್ಳಬಹುದೇ ಎಂದು ಹಿರಿಯರನ್ನೇ ಕೇಳಿ, ಬೇಡವೆಂದರೆ ಅಳಿಸಿಬಿಡಿ. ಫೋನು ಬಿದ್ದು ಒಡೆದರೆ ಎಲ್ಲವೂ ಹೋದಂತೆ. ಆದ್ದರಿಂದ ಅದೇ ವಾರದಲ್ಲಿ ಎರಡು ಪೆನ್‌ಡ್ರೈವ್‌ಗೆ ಇಳಿಸಿ ಒಂದನ್ನು ಮನೆಯವರಿಗೆ ಕೊಡಿ, ಇನ್ನೊಂದರ ಮೇಲೆ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ ಸಂಘದ ಬೀರುವಿನಲ್ಲಿ ನಡಾವಳಿ ಪುಸ್ತಕದ ಪಕ್ಕದಲ್ಲಿಡಿ.