ಬಿಳಿನೊಣಕ್ಕೆ ಬೇಲಿಯಿಲ್ಲ

ಹೋದ ತಿಂಗಳು ಟೊಮೆಟೊಗೆ ಹೊಡೆದಾಗ ಕೆಲಸ ಮಾಡಿದ ಔಷಧಿ ಈಗ ಪಕ್ಕದ ಬದನೆಯಲ್ಲಿ ಕೆಲಸ ಮಾಡದೆ ಹೋದರೆ, ತಪ್ಪು ಔಷಧಿಯದ್ದೇ ಆಗಿರಬೇಕಿಲ್ಲ. ಬೇಲಿ ನಮ್ಮದು. ಮಿಲಿಮೀಟರ್ ಉದ್ದದ ಬಿಳಿನೊಣಕ್ಕೆ ಟೊಮೆಟೊ, ಬದನೆ, ಹತ್ತಿ, ಬೆಂಡೆ ಎಲ್ಲವೂ ಒಂದೇ ಪಂಕ್ತಿಯ ಊಟ. ಅದು ರಸ ಹೀರುವ ಸಸ್ಯಗಳು 600ಕ್ಕೂ ಹೆಚ್ಚು.

ಕೀಟನಾಶಕವು ನಿರೋಧಕ ಶಕ್ತಿಯನ್ನು ಹೊಸದಾಗಿ ಕೊಡುವುದಿಲ್ಲ. ಇದ್ದುದನ್ನು ಆರಿಸುತ್ತದೆ, ಅಷ್ಟೆ. ತಾಳಿಕೊಂಡ ಕೆಲವು ಉಳಿಯುತ್ತವೆ, ಮಿಕ್ಕವು ಸಾಯುತ್ತವೆ. ಬೇಸಿಗೆಯಲ್ಲಿ ಮೂರು ವಾರಕ್ಕೊಂದು ತಲೆಮಾರು. ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಅದಕ್ಕೆ ಇರುವುದು ಪ್ರತಿ ವಂಶವಾಹಿಯ ಒಂದೇ ಪ್ರತಿ. ಹಾಗಾಗಿ ನಿರೋಧಕ ಗುಣವೊಂದು ಬಂದರೆ ಮರೆಯಲ್ಲಿ ಅಡಗಿರಲು ಗಂಡಿನಲ್ಲಿ ಜಾಗವಿಲ್ಲ. ಆಯ್ಕೆ ಬೇಗ ಮುಗಿಯುತ್ತದೆ.

ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಕ್ಕೆ ಜಗ್ಗದ ಬಿಳಿನೊಣಗಳಲ್ಲಿ ಅದನ್ನು ಒಡೆಯುವ ಒಂದು ಕಿಣ್ವ ಅತಿಯಾಗಿ ತಯಾರಾಗುತ್ತದೆ. ಈ ಬಗೆಯ ಕಿಣ್ವಗಳು ಬೇಕಾದದ್ದು ಮೊದಲು ಕಾರ್ಖಾನೆಯ ವಿಷಕ್ಕಲ್ಲ, ಎಲೆಯ ವಿಷಕ್ಕೆ. ಗಿಡಗಳೂ ತಮ್ಮನ್ನು ತಿನ್ನುವವರಿಗೆ ವಿಷ ಬಡಿಸುತ್ತವೆ. ನೂರಾರು ಬಗೆಯ ಗಿಡ ತಿನ್ನುವ ಕೀಟ ನೂರಾರು ವಿಷಕ್ಕೆ ಮದ್ದು ಇಟ್ಟುಕೊಂಡಿರಲೇಬೇಕು. 2021ರಲ್ಲಿ ಚೀನಾದ ವಿಜ್ಞಾನಿಗಳು ಇನ್ನೂ ಸೋಜಿಗದ ಸಂಗತಿ ತೋರಿಸಿದರು: ಗಿಡದ ಫೀನಾಲಿಕ್ ವಿಷವನ್ನು ಬಿಳಿನೊಣ ನಿಷ್ಕ್ರಿಯಗೊಳಿಸುವುದು ಒಂದಾನೊಂದು ಕಾಲದಲ್ಲಿ ಗಿಡದಿಂದಲೇ ಬಂದ ವಂಶವಾಹಿಯಿಂದ. ಕದ್ದ ಮಾಲು ಎನ್ನಲು ಅಡ್ಡಿಯಿಲ್ಲ.

ಇದರಿಂದ ಒಂದು ತೊಡಕೂ ಇದೆ. ಒಂದೇ ಸಂತತಿಯ ಬಿಳಿನೊಣಗಳನ್ನು ಬೇರೆ ಬೇರೆ ಗಿಡಗಳ ಮೇಲೆ ಸಾಕಿದರೆ, ಅರ್ಧದಷ್ಟನ್ನು ಕೊಲ್ಲಲು ಬೇಕಾಗುವ ವಿಷದ ಪ್ರಮಾಣವೂ ಬದಲಾಗಬಹುದು. ಯಾವ ಬೆಳೆಯಿಂದ ಹಿಡಿದದ್ದು ಎಂದು ಹೇಳದ ಪ್ರಯೋಗಾಲಯದ ಅಂಕಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಬಿಳಿನೊಣಕ್ಕೆ ಬೆಳೆಗಳ ನಡುವೆ ಬೇಲಿಯಿಲ್ಲ ಎಂಬುದನ್ನು ಅಮೆರಿಕದ ಅರಿಜೋನಾ ಬೇಗ ಅರ್ಥಮಾಡಿಕೊಂಡಿತು. ಅಲ್ಲಿ ಹತ್ತಿ, ಕರಬೂಜ, ತರಕಾರಿ ಒಂದರ ಬೆನ್ನಿಗೊಂದು ಬರುತ್ತವೆ. ಮೂರೂ ಇರುವ ಕಡೆ ಇಮಿಡಾಕ್ಲೋಪ್ರಿಡ್ ಬಳಗದ ಔಷಧಿಗಳನ್ನು ಹತ್ತಿಗೆ ಹೊಡೆಯದೆ ಕರಬೂಜ, ತರಕಾರಿಗೆ ಬಿಟ್ಟುಕೊಡಬೇಕು. ಬರೀ ಹತ್ತಿಯಿರುವ ಕಡೆ ಹೆಚ್ಚೆಂದರೆ ಎರಡು ಬಾರಿ. ಒಬ್ಬೊಬ್ಬ ರೈತನಿಗಲ್ಲ, ಇಡೀ ಪ್ರದೇಶಕ್ಕೆ ಕೊಟ್ಟ ಸಲಹೆ ಅದು.

ನಮ್ಮ ಕೋಲಾರಕ್ಕೆ ಇದು ದೂರದ ಕಥೆಯಲ್ಲ. ಎಲೆ ಮುದುರು ರೋಗ ಹರಡುವ ಬಿಳಿನೊಣದ ಆಕ್ರಮಣಕಾರಿ 'ಬಿ' ಬಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದು 1999ರಲ್ಲಿ, ಅಲ್ಲಿನ ಟೊಮೆಟೊ ತೋಟಗಳಲ್ಲಿ. ಡಬ್ಬಿ ಬದಲಿಸಿದರೆ ಔಷಧಿ ಬದಲಾದಂತಲ್ಲ: ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಮೂರೂ ಒಂದೇ ಗುಂಪು. ಅಂಗಡಿಯಲ್ಲಿ ಹೆಸರಿನ ಬದಲು ಗುಂಪು ಕೇಳಿ. ಅದಕ್ಕೂ ಮೊದಲು, ಪಕ್ಕದ ಹೊಲದವರು ಏನು ಹೊಡೆದರೆಂದು ವಿಚಾರಿಸಿ.